ಪರ್ಸಿನಲ್ಲಿದ್ದ ಹುಡುಗಿಯ ಕೆನ್ನೆ

ಕಳೆದ ತಿಂಗಳು ನನ್ನ ಪರ್ಸಿನಿಂದ ಒಂದು ವಸ್ತು ಕಾಣೆಯಾಯಿತು. ದುಡ್ಡಲ್ಲ. ದುಡ್ಡು ಕಾಣೆಯಾದರೆ ನಮ್ಮ ಮನೆಯಲ್ಲಿ ಯಾರೂ ಗಾಬರಿಯಾಗುವುದಿಲ್ಲ, ಎಲ್ಲಿ ಹೋಯಿತು ಎಂದು ಎಲ್ಲರಿಗೂ ಗೊತ್ತಿರುತ್ತದೆ.

ಕಾಣೆಯಾದದ್ದು ಒಂದು ಫೋಟೋ. ಕಪ್ಪು ಬಿಳುಪಿನದು. ಮದುವೆಗೆ ಮುಂಚೆ ಹೆಣ್ಣಿನ ಕಡೆಯವರು ಜಾತಕದ ಜೊತೆ ಕಳಿಸುತ್ತಿದ್ದರಲ್ಲ, ಆ ಫೋಟೋ. ನನ್ನ ಹೆಂಡತಿ ಶೈಲಾಳದು. ಪರ್ಸಿಗೆ ಹಿಡಿಯಲೆಂದು ಸುತ್ತಲೂ ಕತ್ತರಿಸಿ ಇಟ್ಟುಕೊಂಡಿದ್ದೆ. ಆಮೇಲೆ ಪರ್ಸುಗಳು ಬದಲಾದವು, ಊರುಗಳು ಬದಲಾದವು (ಬ್ಯಾಂಕಿನವನ ಹಣೆಬರಹ: ಮೊದಲು ಸೂರತ್ತಿನ ಉಧ್ನಾ, ಆಮೇಲೆ ವಡೋದರಾ, ಈಗ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆ). ಫೋಟೋ ಮಾತ್ರ ಅದೇ.

ಪ್ಯಾಂಟಿನ ಜೇಬು, ಸ್ಕೂಟರಿನ ಡಿಕ್ಕಿ, ಆಫೀಸಿನ ಡ್ರಾಯರು ಎಲ್ಲ ಜಾಲಾಡಿದೆ. ಶೈಲಾಳನ್ನು ಕೇಳಲು ಧೈರ್ಯ ಬರಲಿಲ್ಲ. ನಿನ್ನ ಫೋಟೋ ಕಳೆದುಹಾಕಿದೆ ಎಂದು ಹೆಂಡತಿಗೆ ಹೇಳಿ ನೆಮ್ಮದಿಯಾಗಿ ಊಟ ಮಾಡಿದ ಗಂಡಸನ್ನು ನೀವು ನೋಡಿದ್ದೀರಾ?

ಅದು ಕೊನೆಗೆ ಸಿಕ್ಕಿದ್ದು ಒಬ್ಬ ಚರ್ಮದ ಡಾಕ್ಟರ ಮೇಜಿನ ಮೇಲೆ.

ಶೈಲಾಳ ಎರಡೂ ಕೆನ್ನೆಗಳಲ್ಲಿ ಮೊಡವೆ ಕಲೆಗಳಿವೆ. ಕಲೆ ಎನ್ನುವುದಕ್ಕಿಂತ ಸಣ್ಣ ಸಣ್ಣ ಗುಳಿಗಳು. ಕಾಲೇಜಿನ ವಯಸ್ಸಿನಲ್ಲಿ ಬಂದ ಮೊಡವೆಗಳು ಹೋಗುವಾಗ ಬಿಟ್ಟುಹೋದವು. ಈ ಅಂಕಣದಲ್ಲಿ ಅವಳ ಅಡುಗೆ, ಅವಳ ಜಗಳ, ಅವಳ ಗುಜರಾತಿ ಎಲ್ಲದರ ಬಗ್ಗೆಯೂ ಬರೆದಿದ್ದೇನೆ, ಕೆನ್ನೆಯ ಬಗ್ಗೆ ಬರೆದಿರಲಿಲ್ಲ. ಬರೆಯುವುದಕ್ಕೆ ಅಲ್ಲಿ ಏನಾದರೂ ಇದೆ ಎಂದೇ ನನಗೆ ಅನ್ನಿಸಿರಲಿಲ್ಲ. (ಈಗ ಬರೆಯುತ್ತಿರುವುದು ಅವಳ ಒಪ್ಪಿಗೆ ಪಡೆದೇ. ಅವಳು ದಾವಣಗೆರೆಯವಳು. "ಹೆಸರು ಬೇಕಾದ್ರೆ ಹಾಕ್ರಿ, ಫೋಟೋ ಹಾಕಬ್ಯಾಡ್ರಿ" ಎಂದು ಷರತ್ತು ಹಾಕಿದ್ದಾಳೆ.)

ಇದೆಲ್ಲ ಶುರುವಾದದ್ದು ಒಂದು ಹೊಸ ಫೋನಿನಿಂದ. ನಮ್ಮ ಮಗಳು ನಿಧಿ ವಡೋದರಾದಲ್ಲಿ ಕೆಲಸಕ್ಕಿದ್ದಾಳೆ. ದೀಪಾವಳಿಗೆ ಅಮ್ಮನಿಗೆ ಫೋನ್ ಕೊಡಿಸಿದಳು. ಆ ಫೋನಿಗೊಂದು ಕೆಟ್ಟ ಅಭ್ಯಾಸ. ಕ್ಯಾಮೆರಾ ತೆರೆದರೆ ಸಾಕು, ಯಾರೂ ಕೇಳದಿದ್ದರೂ ಮುಖವನ್ನು ನುಣ್ಣಗೆ ಮಾಡಿ ತೋರಿಸುತ್ತದೆ. ಮೊದಲ ವಿಡಿಯೋ ಕಾಲಿನಲ್ಲಿ ನಿಧಿ ತನ್ನ ಆಫೀಸಿನ ಕಥೆ ಹೇಳುತ್ತಿದ್ದಳು. ಅರ್ಧ ಇಂಗ್ಲಿಷು, ಅರ್ಧ ಗುಜರಾತಿ, ನಡುವೆ ಉಪ್ಪಿನಕಾಯಿಯಷ್ಟು ಕನ್ನಡ. ಶೈಲಾ ಹ್ಞೂಂ ಹ್ಞೂಂ ಎನ್ನುತ್ತಿದ್ದಳು. ಆದರೆ ಅವಳ ಕಣ್ಣು ಮಗಳ ಮೇಲಿರಲಿಲ್ಲ, ಮೂಲೆಯ ಪುಟ್ಟ ಚೌಕದಲ್ಲಿ ಕಾಣುತ್ತಿದ್ದ ತನ್ನ ಮೇಲೇ ಇತ್ತು. ಕಾಲ್ ಮುಗಿದ ಮೇಲೂ ಕ್ಯಾಮೆರಾ ತೆರೆದುಕೊಂಡು ತುಂಬಾ ಹೊತ್ತು ಕೂತಿದ್ದಳು. ಸಿನಿಮಾ ತಾರೆಯರಿಗೆ ಟೀ ಸಿಗುತ್ತದಾ ಎಂದು ನಾನು ತಮಾಷೆ ಮಾಡಿದೆ. ಅವಳು ನಗಲಿಲ್ಲ.

ಮಾರನೆಯ ವಾರ ನಮ್ಮ ಅಡುಗೆಮನೆಗೆ ಲೇಸರ್ ಪ್ರವೇಶವಾಯಿತು.

ಶೈಲಾ ಹೋಲಿಸಿ ನೋಡದೆ ಏನನ್ನೂ ಕೊಳ್ಳುವವಳಲ್ಲ. ನಾಲ್ಕು ಅಂಗಡಿಯ ಜೀರಿಗೆ ಮೂಸಿ ನೋಡಿ ಮೊದಲನೆಯ ಅಂಗಡಿಗೇ ವಾಪಸು ಬರುವವಳು. ಲೇಸರಿಗೂ ಅದೇ ಪರೀಕ್ಷೆ. ಕಾರ್ಬನ್ ಡೈಆಕ್ಸೈಡ್ ಲೇಸರ್ ಅಂತೆ, ಅರ್ಬಿಯಂ ಅಂತೆ, ಪಿಕೋ ಅಂತೆ, ಫ್ರಾಕ್ಷನಲ್ ಅಂತೆ. ಕಾರ್ಬನ್ ಡೈಆಕ್ಸೈಡ್ ಸೋಡಾದಲ್ಲಿ ಇರುವುದಲ್ಲವೇ ಎಂದೆ. ಅವಳು ಚಪಾತಿ ಲಟ್ಟಿಸುತ್ತಾ ನನಗೆ ಪಾಠ ಮಾಡಿದಳು. ಒಂದು ಜಾತಿಯ ಲೇಸರ್ ಚರ್ಮದ ಮೇಲ್ಪದರವನ್ನೇ ಸುಟ್ಟು ತೆಗೆಯುತ್ತದೆ, ಅಲ್ಲಿ ಹೊಸ ಚರ್ಮ ಬರುತ್ತದೆ. ಗುಣ ಜಾಸ್ತಿ, ಯಾತನೆಯೂ ಜಾಸ್ತಿ. ಇನ್ನೊಂದು ಜಾತಿಯದು ಮೇಲಿನದನ್ನು ಹಾಗೇ ಬಿಟ್ಟು ಒಳಗಡೆ ಮಾತ್ರ ಕಾಯಿಸುತ್ತದೆ. ಅದು ನಿಧಾನ, ಹಲವು ಸಲ ಹೋಗಬೇಕು. ಫ್ರಾಕ್ಷನಲ್ ಅಂದರೆ ಇಡೀ ಕೆನ್ನೆಯನ್ನು ಒಟ್ಟಿಗೇ ಸುಡದೆ, ರಂಗೋಲಿಯ ಚುಕ್ಕಿ ಇಟ್ಟಂತೆ, ನಡುನಡುವೆ ಒಳ್ಳೆಯ ಚರ್ಮ ಉಳಿಸಿಕೊಂಡು ಹೋಗುವುದು. ಬೇಗ ಮಾಯಲಿ ಎಂದು.

ಎಲ್ಲ ಕೇಳಿಸಿಕೊಂಡು, ಗಂಡಂದಿರು ಯಾವಾಗಲೂ ಹೇಳುವ ಮಾತನ್ನು ನಾನೂ ಹೇಳಿದೆ. ಇದೆಲ್ಲ ಯಾಕೆ, ನೀನು ಹಾಗೇ ಚೆನ್ನಾಗಿದ್ದೀಯಲ್ಲ ಎಂದೆ.

ಅವಳು ಲಟ್ಟಣಿಗೆ ಪಕ್ಕಕ್ಕಿಟ್ಟಳು. "ಚೆನ್ನಾಗಿರೋರಿಗೆ ಯಾರೂ 'ಹಂಗೇ' ಅಂತ ಸೇರ್ಸಿ ಹೇಳಲ್ಲ ರೀ."

ಹೊರಟೆವು. ಮೊದಲು ಸೂರತ್. ಉಧ್ನಾದಲ್ಲಿದ್ದಾಗ ನಮ್ಮ ಪಕ್ಕದ ಮನೆಯಲ್ಲಿದ್ದ ಜ್ಯೋತ್ಸ್ನಾಬೆನ್ ಒಬ್ಬ ಡಾಕ್ಟರ ಹೆಸರು ಹೇಳಿದ್ದರು. ಕ್ಲಿನಿಕ್ಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಲಗ್ನದ ಸೀಸನ್. ಕೂತಿದ್ದವರೆಲ್ಲ ಹಸೆಮಣೆ ಏರಲಿರುವ ಹುಡುಗಿಯರು, ಒಬ್ಬೊಬ್ಬರೂ ನಿಧಿಯ ವಯಸ್ಸಿನವರು. ಪಕ್ಕದಲ್ಲಿದ್ದ ಹುಡುಗಿ ಶೈಲಾಳನ್ನು ಗುಜರಾತಿಯಲ್ಲಿ ಬಹಳ ಪ್ರೀತಿಯಿಂದಲೇ ಕೇಳಿದಳು, ಆಂಟಿ, ಮಗಳಿಗೋಸ್ಕರ ಬಂದಿರಾ ಎಂದು.

ಶೈಲಾ ಹೌದು ಎಂದುಬಿಟ್ಟಳು.

ನನ್ನ ಕಡೆ ನೋಡಲಿಲ್ಲ. ನಾನೂ ಎದುರಿನ ಕ್ಯಾಲೆಂಡರ್ ನೋಡಿದೆ.

ಡಾಕ್ಟರು ಚುರುಕು ಮನುಷ್ಯ. ಕಾರ್ಬನ್ ಡೈಆಕ್ಸೈಡ್ ಒಂದೇ ದಾರಿ ಎಂದರು. ಮುಖ ಕೆಂಪಾಗುತ್ತದೆ, ಹಕ್ಕಳೆ ಕಟ್ಟುತ್ತದೆ, ವಾರ ಹತ್ತು ದಿನ ಮನೆಯಿಂದ ಹೊರಗೆ ಬರಬೇಡಿ, ಬಿಸಿಲು ನೋಡಲೇಬೇಡಿ ಎಂದರು. ವಾಪಸು ಬರುವಾಗ ರೈಲಿನಲ್ಲಿ ಅವಳಿಗಿಷ್ಟವಾದ ಬಿಸಿ ಲೋಚೋ ಪೊಟ್ಟಣ ಬಿಚ್ಚಿದೆ. (ಕಡಲೆಬೇಳೆಯ ಈ ತಿಂಡಿಗಾಗಿ ಸೂರತ್ತಿನಿಂದ ವರ್ಗಾವಣೆಯಾದಾಗ ಅತ್ತವಳು ಅವಳು.) ಒಂದು ತುತ್ತು ತಿಂದು ಮಡಚಿಟ್ಟಳು. ಐವತ್ತು ದಾಟಿದ ಹೆಂಗಸು ತನಗಾಗಿ ಏನನ್ನಾದರೂ ಬಯಸಿದರೆ ಅದಕ್ಕೆ ಮಗಳ ಹೆಸರು ಹೇಳಬೇಕಾಗುತ್ತದಲ್ಲ, ಯಾಕೆ? ನನಗೆ ಆ ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ಯಾರ ಮೇಲೆ ಬರಬೇಕೆಂದೂ ತಿಳಿಯಲಿಲ್ಲ.

ಎರಡನೆಯದು ವಡೋದರಾ. ನಿಧಿಯೇ ಕರೆದುಕೊಂಡು ಹೋದಳು. ಎಸಿ, ಸೋಫಾ, ಪುದೀನ ನೀರು. ಗೋಡೆಯ ತುಂಬ ಬಿಫೋರ್ ಮತ್ತು ಆಫ್ಟರ್ ಫೋಟೋಗಳು. ಬಿಫೋರಿನಲ್ಲಿ ಎಲ್ಲರೂ ಅಳುಮುಖ, ಆಫ್ಟರಿನಲ್ಲಿ ಎಲ್ಲರೂ ನಗುಮುಖ. (ಮೊದಲೇ ನಕ್ಕಿದ್ದರೆ ಅರ್ಧ ಖರ್ಚು ಉಳಿಯುತ್ತಿತ್ತೇನೋ.) ಇಲ್ಲಿನವರು ಹೊಗಳಿದ್ದು ಪಿಕೋವನ್ನು. ನೋವಿಲ್ಲ, ಮಧ್ಯಾಹ್ನ ಮಾಡಿಸಿಕೊಂಡು ಸಂಜೆ ಪಾರ್ಟಿಗೆ ಹೋಗಬಹುದು. ಆಳದ ಗುಳಿಗೆ ಇದು ಸಾಕಾಗುತ್ತದಾ ಎಂದು ಶೈಲಾ ಕೇಳಿದಳು. ಕೌಂಟರಿನ ಹುಡುಗಿ ಇನ್ನೊಂದು ಲೋಟ ಪುದೀನ ನೀರು ತಂದುಕೊಟ್ಟಳು.

ಅಮ್ಮ ಒಳಗಿದ್ದಾಗ ನಿಧಿ ಆ ಗೋಡೆ ನೋಡುತ್ತಾ ಹೇಳಿದಳು. "ಪಪ್ಪಾ, ನನ್ನ ಫೋನಲ್ಲಿ ಮಮ್ಮಿದು ಒಂದೂ ಫೋಟೋ ಇಲ್ಲ. ಫ್ರೆಂಡ್ಸ್ ಎಲ್ಲಾ ಬರ್ತ್‌ಡೇಗೆ ಮಮ್ಮಿ ಫೋಟೋ ಹಾಕ್ತಾರೆ. ನಾನು ಹೂವಿಂದು ಹಾಕ್ತೀನಿ."

ಮನೆಗೆ ಬಂದು ಆಲ್ಬಂಗಳನ್ನು ಹರಡಿಕೊಂಡು ಕೂತೆ. ನಿಧಿಯ ನಾಮಕರಣ, ನಿಧಿಯ ಮೊದಲ ಗರ್ಬಾ, ಉಧ್ನಾದ ಮನೆ, ದ್ವಾರಕೆ, ಸೋಮನಾಥ. ಎಲ್ಲದರಲ್ಲೂ ನಾನು ಹೊಟ್ಟೆ ಬಿಟ್ಟುಕೊಂಡು ನಿಂತಿದ್ದೇನೆ. ಶೈಲಾ ಎಲ್ಲಿ? ಕೇಕಿನ ಚಾಕು ಹಿಡಿದ ಒಂದು ಕೈ. ಚೌಕಟ್ಟಿನ ಅಂಚಿನಲ್ಲಿ ಸೆರಗಿನ ಒಂದು ತುದಿ. ಸೋಮನಾಥದ ಮರಳಿನ ಮೇಲೆ, ಫೋಟೋ ತೆಗೆಯುತ್ತಿರುವವಳ ಉದ್ದನೆಯ ನೆರಳು. ಮದುವೆಯ ಆಲ್ಬಮ್ಮಿನಲ್ಲೂ ತಲೆ ತಗ್ಗಿಸಿದ್ದಾಳೆ, ಕಾಣುವುದು ಬರೀ ಬೈತಲೆ. ನಾಚಿಕೆ ಎಂದುಕೊಂಡಿದ್ದೆವು. ಕ್ಯಾಮೆರಾ ಅವಳ ಕೈಯಲ್ಲೇ ಇರುತ್ತಿತ್ತು, ಅವಳಿಗೆ ಫೋಟೋ ತೆಗೆಯುವ ಹುಚ್ಚು ಎಂದು ನಾವು ನಗುತ್ತಿದ್ದೆವು.

ಮೂರನೆಯ ಡಾಕ್ಟರು ಇಲ್ಲೇ ಸ್ಯಾಟಲೈಟಿನಲ್ಲಿ, ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಿಂದ ನಡೆದು ಹೋಗುವಷ್ಟು ಹತ್ತಿರ. ವಯಸ್ಸಾದ ಹೆಂಗಸು, ಅವಸರವೇ ಇಲ್ಲದವರು. ಕೋಣೆಯ ದೀಪ ಆರಿಸಿ, ಒಂದು ಟಾರ್ಚನ್ನು ಕೆನ್ನೆಯ ಪಕ್ಕದಿಂದ ಅಡ್ಡಡ್ಡ ಹಿಡಿದು ನೋಡಿದರು. ಆ ಬೆಳಕಿನಲ್ಲಿ ಗುಳಿಗಳು ಎದ್ದು ಕಂಡವು. ಶೈಲಾ ಕಣ್ಣು ಮುಚ್ಚಿಕೊಂಡಳು. ಆಮೇಲೆ ಡಾಕ್ಟರು ಅವಳ ಮುಂಗೈ ತಿರುಗಿಸಿ, ಅಲ್ಲಿದ್ದ ಕಪ್ಪು ಕಲೆ ಏನೆಂದು ಕೇಳಿದರು. ಯಾವುದೋ ವರ್ಷ ಪೂರಿ ಕರಿಯುವಾಗ ಎಣ್ಣೆ ಸಿಡಿದದ್ದು ಎಂದಳು.

ಹಾಗಾದರೆ ಜೋರಿನ ಲೇಸರ್ ಬೇಡ ಎಂದರು ಡಾಕ್ಟರು. ಸುಟ್ಟ ಕಡೆ ಕಪ್ಪು ಉಳಿಸಿಕೊಳ್ಳುವ ಚರ್ಮ ನಿಮ್ಮದು, ಗುಳಿ ಹೋಗಿ ಕಪ್ಪು ಬಂದರೆ ಏನು ಲಾಭ? ಒಳಗೆ ಕಾಯಿಸುವ ಸೌಮ್ಯ ಜಾತಿಯದು ಸಾಕು, ತಿಂಗಳಿಗೊಂದು ಸಲ. ತೀರಾ ಆಳದ ಗುಳಿಗಳನ್ನು ಕೆಳಕ್ಕೆ ಜಗ್ಗಿ ಹಿಡಿದಿರುವ ಎಳೆಗಳನ್ನು ಸೂಜಿಯಿಂದ ಒಳಗಿನಿಂದಲೇ ಬಿಡಿಸಬೇಕು. ಪೂರ್ತಿ ಹೋಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಂಬಬೇಡಿ, ಕಡಿಮೆಯಾಗುತ್ತದೆ. ಅದೂ ಉತ್ತರಾಯಣ ಕಳೆದ ಮೇಲೆ ಶುರು ಮಾಡೋಣ, ಗಾಳಿಪಟದ ದಿನ ಇಡೀ ಅಹಮದಾಬಾದ್ ತಾರಸಿಯ ಬಿಸಿಲಿನಲ್ಲಿರುತ್ತದೆ, ನೀವೊಬ್ಬರೇ ಕೆಳಗೆ ಕೂರಲು ಸಾಧ್ಯವೇ?

ನನಗೆ ಅವರು ಅಲ್ಲೇ ಇಷ್ಟವಾದರು.

ಆಮೇಲೆ ಅವರು ಪೆನ್ನು ಮುಚ್ಚಿ ಕೇಳಿದರು. ಶೈಲಾಬೆನ್, ನಿಮಗೆ ಹೇಗಾಗಬೇಕು?

ಶೈಲಾ ಬ್ಯಾಗಿನ ಜಿಪ್ ಎಳೆದಳು. ಒಳಗಿನಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಕಪ್ಪು ಬಿಳುಪು, ಸುತ್ತಲೂ ಕತ್ತರಿಸಿದ್ದು, ಮೂಲೆಗಳು ಸವೆದಿದ್ದು. ಹೀಗೆ ಎಂದಳು.

ನಾನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದೆ.

ಡಾಕ್ಟರು ಫೋಟೋವನ್ನು ಬೆಳಕಿಗೆ ಹಿಡಿದು, ಇದು ಮೊಡವೆಗೂ ಮೊದಲಿನದೋ ಎಂದರು. ಅಲ್ಲ ಎಂದಳು ಶೈಲಾ. ಆಗಲೇ ಎಲ್ಲಕ್ಕಿಂತ ಹೆಚ್ಚಾಗಿ ಇದ್ದವಂತೆ. ಬಣ್ಣದ ಫೋಟೋ ಬಂದಿದ್ದರೂ ಅವಳಪ್ಪ ಹಟ ಹಿಡಿದು ಕಪ್ಪು ಬಿಳುಪಿನದನ್ನೇ ತೆಗೆಸಿದರಂತೆ, ಅದರಲ್ಲಿ ಟಚಿಂಗ್ ಚೆನ್ನಾಗಿ ಕೂರುತ್ತದೆ ಎಂದು. ದಾವಣಗೆರೆಯ ಸ್ಟುಡಿಯೋದವನು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಎರಡೂ ಕೆನ್ನೆಗಳನ್ನು ತುಂಬಿಸಿಕೊಟ್ಟನಂತೆ. ನಾವು ಹೆಣ್ಣು ನೋಡಲು ಹೋದ ದಿನ ಅವಳನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಿದ್ದೂ ಅದಕ್ಕೇ ಅಂತೆ. ನನಗೆ ಆ ದಿನದ ಮಿರ್ಚಿ ಮಂಡಕ್ಕಿ ನೆನಪಿದೆ, ಕಿಟಕಿ ನೆನಪಿಲ್ಲ.

ಇಷ್ಟನ್ನು ಅವಳು ಡಾಕ್ಟರಿಗೆ ಗುಜರಾತಿಯಲ್ಲಿ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು, ಕನ್ನಡದಲ್ಲಿ.

"ಪೆಟ್ರೋಲ್ ಹಾಕ್ಸುವಾಗ, ತರಕಾರಿಗೆ ದುಡ್ಡು ಕೊಡುವಾಗ, ನೀವು ಪರ್ಸು ತೆಗೆದಾಗೆಲ್ಲ ಆ ಹುಡುಗಿ ಕಾಣ್ತಿದ್ಲು. ಅವಳು ನಾನಲ್ಲ ರೀ. ಇಷ್ಟು ವರ್ಷ ನಿಮ್ಮ ಜೇಬಲ್ಲಿ ಬೇರೆ ಯಾರೋ ಇದ್ಲು. ಒಂದು ಸಲನಾದ್ರೂ ಅವಳಂಗೆ ಆಗಬೇಕು ಅಂತ ಆಸೆ, ಅಷ್ಟೇ."

 

ಆ ಫೋಟೋದಲ್ಲಿ ನಾನು ಕೆನ್ನೆ ನೋಡಿದವನೇ ಅಲ್ಲ. ನಾನು ನೋಡುತ್ತಿದ್ದದ್ದು ಅವಳ ಎಡಗಡೆಯ ಹುಬ್ಬು. ಅದು ಒಂಚೂರು ಮೇಲೆದ್ದಿದೆ. ಗದ್ದ ಎತ್ತಮ್ಮ, ಇಳಿಸಮ್ಮ ಎಂದು ಕಾಡಿದ ಸ್ಟುಡಿಯೋದವನ ಮೇಲೆ ಇನ್ನೇನು ಜಗಳ ತೆಗೆಯಬೇಕು, ಅಷ್ಟರಲ್ಲಿ ಫ್ಲ್ಯಾಷ್ ಬಿದ್ದಿದೆ. ಈ ಹುಡುಗಿಯ ಜೊತೆ ಜಗಳವಾಡಿಕೊಂಡು ಬದುಕಬೇಕು ಎಂದು ನನಗೆ ಅನ್ನಿಸಿದ್ದು ಆ ಹುಬ್ಬು ನೋಡಿ. ಅದನ್ನೆಲ್ಲ ಹೇಳಬೇಕಿತ್ತು. ಹೊರಟದ್ದು ಒಂದೇ ಮಾತು.

"ನನ್ನ ಹತ್ರ ಬೇರೆ ಯಾವುದಿತ್ತು ಶೈಲಾ? ನೀನು ತೆಗೆಸಿಕೊಂಡಿದ್ದು ಅದೊಂದೇ ಅಲ್ವಾ?"

ಅವಳು ನನ್ನನ್ನೇ ನೋಡಿದಳು. "ಅದಕ್ಕೇನಾ?" ಎಂದಳು.

ಕನ್ನಡ ಬಾರದ ಡಾಕ್ಟರು ಸುಮ್ಮನೆ ಟಿಶ್ಯೂ ಡಬ್ಬವನ್ನು ನಮ್ಮಿಬ್ಬರ ನಡುವೆ ಇಟ್ಟರು. (ನಾನೂ ಒಂದು ತೆಗೆದುಕೊಂಡೆ. ನೆಗಡಿ ಇತ್ತು.)

ಚಿಕಿತ್ಸೆ ಮಾಡಿಸಿಕೊಳ್ಳುವುದೆಂದೇ ಆಯಿತು. ನಾನು ಬೇಡ ಎನ್ನಲಿಲ್ಲ. ಆಸೆ ಅವಳದು, ಕೆನ್ನೆಯೂ ಅವಳದು. ಆದರೆ ಚಿಕಿತ್ಸೆಗೆ ಮೊದಲು ಕ್ಲಿನಿಕ್ಕಿನಲ್ಲಿ ಒಂದು ಪದ್ಧತಿಯಿದೆ. ಬಿಫೋರ್ ಫೋಟೋ ತೆಗೆಯಬೇಕು. ಪೌಡರ್ ಇಲ್ಲ, ಕೂದಲು ಹಿಂದಕ್ಕೆ ಸರಿಸಿ ಬ್ಯಾಂಡ್, ಹಿಂದೆ ನೀಲಿ ಬಟ್ಟೆ, ಎದುರಿಗೆ ಏನನ್ನೂ ಮುಚ್ಚಿಡದ ಬಿಳಿ ದೀಪ. ಶೈಲಾ ಕೂತಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಕ್ಯಾಮೆರಾಕ್ಕೆ ಮುಖ ಕೊಟ್ಟು. ಫೋಟೋ ತೆಗೆಯುವ ಹುಡುಗಿ ಗದ್ದ ಎತ್ತಿ ಎಂದಳು, ಇಳಿಸಿ ಎಂದಳು, ಇನ್ನೂ ಸ್ವಲ್ಪ ಎಂದಳು.

ಎಡಗಡೆಯ ಹುಬ್ಬು ಎದ್ದಿತು. ಅದೇ ಹುಬ್ಬು.  ಫೋಟೋದ ಆ ಹುಡುಗಿ ಎಲ್ಲಿಗೂ ಹೋಗಿರಲಿಲ್ಲ, ಇಷ್ಟು ವರ್ಷ ಇಲ್ಲೇ ಕ್ಯಾಮೆರಾದ ಹಿಂದೆ ಇದ್ದಳು.

ಶೈಲಾಳನ್ನು ಕೇಳಿ, ಅವಳು ಹ್ಞೂಂ ಎಂದ ಮೇಲೆ, ಆ ಫೋಟೋವನ್ನು ನನ್ನ ಫೋನಿಗೆ ಕಳಿಸಿಕೊಂಡೆ. ಒಂದು ಪ್ರತಿ ನಿಧಿಗೂ ಹೋಯಿತು. ಸೊಸೈಟಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಸುತ್ತಲೂ ಕತ್ತರಿಸಿ ಪರ್ಸಿನಲ್ಲಿಟ್ಟೆ, ಅವಳು ವಾಪಸು ಕೊಟ್ಟ ಹಳೆಯದರ ಪಕ್ಕದಲ್ಲಿ. ಆಫ್ಟರ್ ಬರೋ ತನಕ ತಡೆಯೋಕೆ ಆಗಲಿಲ್ವಾ ಎಂದು ಶೈಲಾ ರೇಗಿದಳು. ಅದು ಬಂದಾಗ ಬರಲಿ, ಅದಕ್ಕೂ ಜಾಗ ಮಾಡುತ್ತೇನೆ ಎಂದೆ.

ಹೌದು, ಬಿಫೋರ್ ಸಿಕ್ಕಿತು, ಆಫ್ಟರ್ ಬರುತ್ತದೆ. ಆ ಪೆನ್ಸಿಲ್ ಕೆನ್ನೆಗೂ ಈ ಬಿಳಿ ದೀಪಕ್ಕೂ ನಡುವೆ ಕಳೆದುಹೋದ ಅಷ್ಟೂ ವರ್ಷಗಳ ಮುಖವನ್ನು ನಾನು ಯಾವ ಕ್ಲಿನಿಕ್ಕಿನಲ್ಲಿ ಹೋಗಿ ಕೇಳಲಿ?