ಎಲ್ಲೂ ಇಳಿಯದ ಬಸ್ಸಪ್ಪ

ನನ್ನ ಮೈದುನನನ್ನು ಬೀದಿಯವರೆಲ್ಲ ಬಸ್ಸಪ್ಪ ಎಂದೇ ಕರೆಯುವುದು. ಬೆಳಗ್ಗೆ ತಿಂಡಿ ತಿಂದು, ಲ್ಯಾಪ್‌ಟಾಪ್ ಹೆಗಲಿಗೇರಿಸಿ ಬಸ್ ಹತ್ತಿದನೆಂದರೆ ಕೊನೆಯ ಸ್ಟಾಪಿನವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ ಬರುತ್ತಾನೆ. ಮತ್ತೆ ಹೋಗುತ್ತಾನೆ. ಅದೇ ಅವನ ನೌಕರಿ. ಆ ಲ್ಯಾಪ್‌ಟಾಪಿನೊಳಗೆ ಒಂದು ಸಿಮ್ ಇದೆ. ಆಪರೇಟಿಂಗ್ ಸಿಸ್ಟಮ್ಮಿನ ಮೊಬೈಲ್ ನೆಟ್‌ವರ್ಕ್ ಸಾಫ್ಟ್‌ವೇರ್ ಏನೇನು ಮಾಡುತ್ತದೆ, ಏನೇನು ಮಾಡುವುದಿಲ್ಲ ಎಂದು ಓಡಾಡುತ್ತಲೇ ಪರೀಕ್ಷಿಸಿ ಕಂಪನಿಗೆ ತಿಳಿಸಬೇಕು. ಬೀದಿಯವರಿಗೆ ಇದನ್ನು ಹೇಳಿ ಹೇಳಿ ನನಗೆ ಬಾಯಿ ನೋವು ಬಂತು.

ಈ ಮಹಾಶಯ ಹಲ್ಲುನೋವೆಂದು ಕ್ಲಿನಿಕ್ಕಿಗೆ ಹೋಗಿ ಅಲ್ಲಿನ ನರ್ಸನ್ನು ಮೆಚ್ಚಿಕೊಂಡ. ಅವಳೂ ಒಪ್ಪಿದಳು. ಅವಳ ತಂದೆ ಒಪ್ಪುವುದೊಂದೇ ಬಾಕಿ. ಅತ್ತಿಗೆ ಜೊತೆಗಿದ್ದರೆ ಧೈರ್ಯ ಎಂದು ನನ್ನನ್ನೂ ಎಳೆದುಕೊಂಡು ಹೋದ. ಬಾಗಿಲು ತೆರೆದ ತಂದೆ ಅವನನ್ನು ಕಂಡು ಅಲ್ಲೇ ನಿಂತುಬಿಟ್ಟರು. ಅವರು ಅದೇ ಬಸ್ಸಿನ ಕಂಡಕ್ಟರು. ಇವನೋ, ಇಷ್ಟು ದಿನ ತಲೆ ಎತ್ತಿ ಕಂಡಕ್ಟರ ಮುಖ ನೋಡಿದವನೇ ಅಲ್ಲ.

“ಇವರಾ?” ಎಂದರು, ಒಳಗೆ ಕೂರಿಸಿದ ಮೇಲೆ. “ದಿನಾ ಹತ್ತುತ್ತಾರಮ್ಮ, ಹಿಂದಿನ ಸೀಟಲ್ಲಿ ಕೂರ್ತಾರೆ, ಎಲ್ಲೂ ಇಳಿಯಲ್ಲ. ಪಾಸ್ ಇದೆ, ಕೇಳೋ ಹಾಗೂ ಇಲ್ಲ. ಕೆಲಸ ಇಲ್ಲದವರಿಗೆ ಮಗಳನ್ನ ಹೇಗೆ ಕೊಡ್ಲಿ?”

ಮೈದುನ ಲ್ಯಾಪ್‌ಟಾಪ್ ತೆರೆದ.

“ನೋಡಿ ಸರ್, ಇಂಟರ್‌ನೆಟ್ ಬರುತ್ತೆ. ಮೆಸೇಜ್ ಬರುತ್ತೆ. ಬಸ್ ಒಂದು ಟವರ್ ಬಿಟ್ಟು ಇನ್ನೊಂದರ ಹತ್ತಿರ ಹೋದ್ರೂ ಕಟ್ ಆಗಲ್ಲ.”

“ಫೋನ್ ಮಾಡಬಹುದಾ?”

“ಇಲ್ಲ ಸರ್, ಈ ಸಿಮ್ಮಿಂದ ಕಾಲ್ ಮಾಡೋಕೆ ಸಪೋರ್ಟ್ ಇಲ್ಲ.”

“ಅದು ಯಾವಾಗ ಗೊತ್ತಾಯ್ತು?”

“ಮೊದಲಿಂದಾನೂ ಗೊತ್ತು ಸರ್. ಆದ್ರೂ ಸಾಫ್ಟ್‌ವೇರ್ ಬದಲಾದಾಗಲೆಲ್ಲ, ಈಗಲೂ ಆಗಲ್ವಾ ಅಂತ ನೋಡಬೇಕು.”

ಅಲ್ಲ, ಫೋನೂ ಮಾಡಬಹುದು ಎಂದು ಒಂದು ಸುಳ್ಳು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು? ನಾನು ಹಲ್ಲು ಕಚ್ಚಿಕೊಂಡು ಕುಳಿತೆ.

ಕಂಡಕ್ಟರು ಎದ್ದು ನಮಗೆ ಕೈ ಮುಗಿದರು. “ತಪ್ಪು ತಿಳೀಬೇಡಿ. ಇಡೀ ದಿನ ಸುತ್ತಿ, ಹತ್ತಿದ ಜಾಗಕ್ಕೇ ಬಂದು ನಿಲ್ಲೋದನ್ನ ಕೆಲಸ ಅಂತಾರಾ?”

ಅಲ್ಲಿಯವರೆಗೂ ಹುಡುಗಿ ಮೂಲೆಯಲ್ಲಿ ಕುಳಿತು ತಂದೆಯ ಯೂನಿಫಾರ್ಮಿಗೆ ಗುಂಡಿ ಹೊಲಿಯುತ್ತಿದ್ದಳು. ಸೂಜಿ ನಿಲ್ಲಿಸಿ ಕೇಳಿದಳು.

“ಅಪ್ಪಾ, ಇಷ್ಟು ವರ್ಷ ನೀನೆಲ್ಲಿ ಇಳಿದೆ?”

ಕಂಡಕ್ಟರು ಮಗಳನ್ನು ನೋಡಿದರು, ಅವಳ ಕೈಲಿದ್ದ ಅಂಗಿ ನೋಡಿದರು, ಮತ್ತೆ ಕುಳಿತರು. ನನಗೆ ಅಯ್ಯೋ ಅನ್ನಿಸಿತು, ನಗುವೂ ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ.

“ಹಿಂದಿನ ಸೀಟು ತುಂಬಾ ಕುಲುಕುತ್ತೆ,” ಎಂದರು ಕೊನೆಗೆ ಮೈದುನನಿಗೆ. “ನಾಳೆಯಿಂದ ಮುಂದೆ ಬಂದು ನನ್ನ ಪಕ್ಕ ಕೂತ್ಕೊಳ್ಳಿ.”