ಪರದೆಯ ಹಣೆಗೆ ವಿಭೂತಿ

ಆ ವಿಭೂತಿ ಕಪ್ಪಗಿತ್ತು ಎಂದೇ ನನ್ನ ನೆನಪು. ವಿಭೂತಿ ಕಪ್ಪಗಿರುವುದಿಲ್ಲ ಎಂಬುದು ನನಗೂ ಗೊತ್ತು. ಧಾರವಾಡದಲ್ಲಿ ಎಂ.ಎ. ಮಾಡಿ, ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದೆಂದು ಕಲಿತು ಬಂದವನು ನಾನು. ಹಾಗಾಗಿ ಈ ನೆನಪನ್ನು ಎಷ್ಟೋ ಸಲ ಹೊರಗೆ ಹಾಕಿದ್ದೇನೆ. ಅದು ತಿರುಗಿ ಬರುತ್ತದೆ, ಕಪ್ಪಗೇ ಬರುತ್ತದೆ.

ಎಪ್ಪತ್ತರ ದಶಕದ ಒಂದು ಬೇಸಿಗೆ. ನನ್ನ ಸೋದರಮಾವ ಆಳಂದದ ಬಟ್ಟೆ ಅಂಗಡಿ ಮುಚ್ಚಿ, ಅಫಜಲಪುರಕ್ಕೆ ಬಂದು ಟೂರಿಂಗ್ ಟಾಕೀಸಿನ ಡೇರೆ ಹಾಕಿದ್ದರು. ಅಂಗಡಿ ಮುಚ್ಚಿದ ದಿನವೇ ಅತ್ತೆ ಜೇವರ್ಗಿಯ ತವರಿಗೆ ಹೋಗಿದ್ದರು. ಜಗಳವೇನೂ ಆಗಿರಲಿಲ್ಲ. ಗಿರಾಕಿಗೆ ಧೋತರ ತೋರಿಸುವುದು ಬಿಟ್ಟು ಮಾವ ಶರಣರ ಕಥೆ ಹೇಳುತ್ತ ಕೂರುತ್ತಿದ್ದರು, ಅತ್ತೆಯ ಮಾತು ಮಾತ್ರ ಕೇಳುತ್ತಿರಲಿಲ್ಲ, ಅಷ್ಟೇ. ಮೊದಲ ಆಟ ನೋಡಲು ಬರುತ್ತೇನೆ, ನೋಡಿದ ಮೇಲೆ ಇರುವುದೋ ಮರುದಿನದ ಬಸ್ಸು ಹಿಡಿಯುವುದೋ ಹೇಳುತ್ತೇನೆ ಎಂದು ಅತ್ತೆ ಹೇಳಿ ಕಳಿಸಿದ್ದರು. 

ಮಾವ ಆರಿಸಿ ತಂದ ಸಿನಿಮಾ ಕೂಡ ಅದೇ ಸಂಕಟದ್ದು. ಪಟ್ಟಣದಲ್ಲಿ ಸೋತವನೊಬ್ಬ ಸಣ್ಣ ಊರಿಗೆ ಬಂದು ಹೊಸದಾಗಿ ಬಾಳು ಕಟ್ಟುತ್ತಾನೆ, ಕೊನೆಗೆ ಹೆಂಡತಿ ಬಸ್ಸಿನಿಂದ ಇಳಿಯುತ್ತಾಳೆ. ಹೊಡೆದಾಟ ಇಲ್ಲ, ಅಳು ಬೇಕಾದಷ್ಟು. ಇದಕ್ಕೆ ಊರಿನ ಮಂದಿ ಬರುವುದಿಲ್ಲ ಎಂದು ಸೊಲ್ಲಾಪುರದಿಂದ ಕರೆಸಿದ್ದ ಪ್ರೊಜೆಕ್ಟರ್ ಆಪರೇಟರ್ ಅಂದ. ಬರಬೇಕಾದವರು ಒಬ್ಬರು ಬಂದರೆ ಸಾಕು ಎಂದು ಮಾವ ಅಂದರು.

ನಮ್ಮ ಡೇರೆಯಲ್ಲಿ ಪರದೆ ನಟ್ಟನಡುವೆ ಇತ್ತು. ಗಂಡಸರು ಪ್ರೊಜೆಕ್ಟರ್ ಮಷಿನಿನ ಕಡೆ, ಹೆಂಗಸರು ಪರದೆಯ ಹಿಂದೆ. ತೆಳ್ಳನೆಯ ಬಿಳಿ ಬಟ್ಟೆಗೆ ನೀರು ಚಿಮುಕಿಸಿದರೆ ಚಿತ್ರ ಎರಡೂ ಕಡೆ ಕಾಣುತ್ತಿತ್ತು, ಹೆಂಗಸರಿಗೆ ಮಾತ್ರ ತಿರುಗಾಮುರುಗಾ. ಒಳ್ಳೆಯ ಮನೆತನದ ನಾಯಕ ಎಡಗೈಯಲ್ಲಿ ಉಣ್ಣುತ್ತಾನೆಂದು ಅವರಿಗೆ ಅಸಮಾಧಾನವಾಗುತ್ತಿತ್ತು.

ಹೊಸದು ಯಾವುದಿದ್ದರೂ ವಿಭೂತಿ ಹಚ್ಚುವುದು ನಮ್ಮಲ್ಲಿ ರೂಢಿ. ಬಾಗಿಲಿಗೆ, ತಕ್ಕಡಿಗೆ, ಹೊಲಿಗೆ ಮಷಿನಿಗೆ. ಮಾವ ಆಟಕ್ಕೆ ಮುಂಚೆ ಪ್ರೊಜೆಕ್ಟರಿಗೆ ಹಚ್ಚಲು ಹೋದರು. ಆಪರೇಟರ್ ಎರಡೂ ಕೈಯಿಂದ ಮಷಿನಿನ ಗಾಜು ಮುಚ್ಚಿಕೊಂಡು, ಮುಟ್ಟಿದರೆ ಇವತ್ತೇ ಸೊಲ್ಲಾಪುರಕ್ಕೆ ಹೋಗುತ್ತೇನೆಂದ. ಮಾವ ಸ್ವಲ್ಪ ಯೋಚಿಸಿ ಏಣಿ ತಂದರು. ಪರದೆಗೂ ಒಂದು ಹಣೆ ಇರಲೇಬೇಕಲ್ಲ? ಅಂದಾಜಿನ ಮೇಲೆ ಅದನ್ನು ಹುಡುಕಿ, ಒದ್ದೆ ವಿಭೂತಿಯಿಂದ ದಪ್ಪಗೆ ಮೂರು ಪಟ್ಟೆ ಎಳೆದರು. ಆಳಂದದ ಅಂಗಡಿ ತೆರೆದ ದಿನವೇ ಬಾಗಿಲಿಗೆ ಸಿಕ್ಕಿ ಅವರ ನಡುಬೆರಳು ಸೊಟ್ಟಾಗಿತ್ತು. ಹೀಗಾಗಿ ನಡುವಿನ ಪಟ್ಟೆ ಅರ್ಧಕ್ಕೇ ನಿಂತಿತು.

ಸಂಜೆಯ ಬಸ್ಸಿಗೆ ಅತ್ತೆ ಬಂದು ಪರದೆಯ ಹಿಂದೆ ಕೂತರು. ಆಟ ಶುರುವಾಯಿತು. ಬಸ್ಸು ಬಂತು, ಬಸ್ಸಿನ ಗಾಜಿಗೆ ವಿಭೂತಿ. ನಾಯಕ ಇಳಿದು ಮುಖ ತೋರಿಸಿದ, ಪಟ್ಟೆಗಳು ಸರಿಯಾಗಿ ಹಣೆಯ ಮೇಲೆ ಕೂತವು. ಹಿರಿಯರಿಗೆ ಖುಷಿಯಾಯಿತು. ಆಮೇಲೆ ಮನೆ ಮಾಲೀಕ ಬಂದ, ಅವನಿಗೂ ವಿಭೂತಿ. ಡಾಕ್ಟರಿಗೆ, ಪೊಲೀಸಿಗೆ, ಕಡೆಗೆ ಅಡ್ಡ ಬಂದ ಎಮ್ಮೆಗೂ.

"ಎಮ್ಮಿಗೂ ದೀಕ್ಷಾ ಕೊಟ್ಟಾರಲೇ," ಎಂದು ಗಂಡಸರ ಕಡೆಯಿಂದ ಯಾರೋ ಅಂದರು.

ಮಾಲೀಕ ನಾಯಕನ ಸಾಮಾನು ಹೊರಗೆ ಎಸೆದಾಗ ಅತನೂರಿನ ಮುದುಕರೊಬ್ಬರು ಎದ್ದು ನಿಂತರು. "ವಿಭೂತಿ ಹಚಗೊಂಡು ಇಂಥಾ ಕೆಲಸ ಮಾಡ್ತೀ ಏನಲೇ?" ಎಂದು ಪರದೆಯನ್ನೇ ಕೇಳಿದರು. ಅವರನ್ನು ಕೂರಿಸುವಷ್ಟರಲ್ಲಿ ಮಾಲೀಕನ ಮನಸ್ಸು ಬದಲಾಗುವ ದೃಶ್ಯ ಬಂದಿತ್ತು. ಮುದುಕರು ಅದು ತಮ್ಮ ಮಾತಿನಿಂದಲೇ ಆದದ್ದೆಂದು ತಿಳಿದರು.

ಇದನ್ನೆಲ್ಲ ನಾನು ಆಪರೇಟರ್ ಪಕ್ಕ ನಿಂತು ನೋಡಿದೆ ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದೆ. ಆದರೆ ಕಪ್ಪು ಬಣ್ಣ ಕಾಡಿತು. ಕೊನೆಗೆ ಭೌತಶಾಸ್ತ್ರ ಕಲಿಸುವ ಗೆಳೆಯನನ್ನು ಕೇಳಿದೆ. ದಪ್ಪ ವಿಭೂತಿ ಬೆಳಕನ್ನು ಆಚೆ ಹೋಗಲು ಬಿಡುವುದಿಲ್ಲ, ಆದ್ದರಿಂದ ಮಷಿನಿನ ಕಡೆ ಬೆಳ್ಳಗೆ, ಹಿಂದಿನ ಕಡೆ ಕಪ್ಪಗೆ ಕಾಣುತ್ತದೆ ಎಂದ. ಅಂದರೆ ನಾನು ಹೆಂಗಸರ ಕಡೆ ಕೂತಿದ್ದೆ. ಅತ್ತೆಯ ಮುಖ ನೋಡಿಕೊಂಡು ಬಾ ಎಂದು ಮಾವನೇ ನನ್ನನ್ನು ಕಳಿಸಿದ್ದರೆಂದು ಅಕ್ಕ ಹೇಳುತ್ತಾಳೆ. ಮೀಸೆ ಬಂದ ಎಂ.ಎ. ಪದವೀಧರ ಹೆಂಗಸರ ಚಾಪೆಯ ಮೇಲೆ ಕೂತನೆಂದು ನಾನು ಪೂರ್ತಿ ಒಪ್ಪಿಲ್ಲ.

ಆದರೆ ಅತ್ತೆಯ ಮುಖ ನನಗೆ ನೆನಪಿದೆ. ಅದು ಮಷಿನಿನ ಹತ್ತಿರದಿಂದ ಕಾಣುವಂಥದ್ದಲ್ಲ. ನಾಯಕನ ಹೆಂಡತಿ ಬಸ್ಸಿನಿಂದ ಇಳಿದಳು. ದೃಷ್ಟಿಯಾಗದಿರಲೆಂದು ಇವಳಿಗೂ ಕಾಡಿಗೆ ಹಚ್ಚಿದ್ದಾರೆ ಎನ್ನುತ್ತ ಸುತ್ತಲಿನ ಹೆಂಗಸರೆಲ್ಲ ಅಳುತ್ತಿದ್ದರು. ಅತ್ತೆ ಒಬ್ಬರೇ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು.

"ಆ ನಡುಬೆರಳು ಯಾರದಂತ ನನಗ ಗೊತ್ತದ," ಎಂದು ನನ್ನ ಕಡೆ ವಾಲಿ ಹೇಳಿದರು.

ಆಟ ಮುಗಿದ ಮೇಲೆ ಅತ್ತೆ ನೆಟ್ಟಗೆ ಹೋಗಿ ಮಲಗಿದರು. ಬೆಳಿಗ್ಗೆ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟರು. ಮಾವ ಆ ಚೀಲವನ್ನೇ ನೋಡುತ್ತ ನಿಂತರು.

"ಆ ಪರದಾ ಇಳಸ್ರಿ," ಎಂದರು ಅತ್ತೆ. "ಒಗದು ಹಾಕ್ತೇನಿ. ಒಣಗಿದ ಮ್ಯಾಲ ಹೋಗ್ತೇನಿ."

ಬಾವಿಕಟ್ಟೆಯ ಮೇಲೆ ಬಡಿದು ಬಡಿದು ಒಗೆದು, ಡೇರೆಯ ಹಗ್ಗದ ಮೇಲೆ ಹರವಿದರು. ಅಫಜಲಪುರದ ಬೇಸಿಗೆಯಲ್ಲಿ ಅಷ್ಟು ತೆಳ್ಳನೆಯ ಬಟ್ಟೆ ಒಣಗಲು ಎಷ್ಟು ಹೊತ್ತು? ಅತ್ತೆ ಒಂದು ಮೂಲೆ ಮುಟ್ಟಿ ನೋಡಿ, ಇನ್ನೂ ಹಸಿ ಇದೆ ಎಂದು ಒಳಗೆ ಹೋಗಿ ರೊಟ್ಟಿ ಬಡಿದರು. ಮತ್ತೆ ಬಂದು ಮುಟ್ಟಿದರು. ಇನ್ನೂ ಹಸಿ. ಜೇವರ್ಗಿಯ ಬಸ್ಸು ಹಾರನ್ ಹೊಡೆದು ಹೋಯಿತು. ಸಂಜೆ ನಾನೂ ಹೋಗಿ ಮುಟ್ಟಿದೆ. ನಿಜವಾಗಿಯೂ ಒಂದು ಮೂಲೆ ಮಾತ್ರ ಒದ್ದೆಯಾಗಿತ್ತು. ತಲೆಯೆತ್ತಿದರೆ ಪರದೆಯ ಆಚೆ ಮಾವ ನೀರಿನ ಚರಿಗೆ ಹಿಡಿದು, ನನ್ನತ್ತ ನೋಡದೆ ನಿಂತಿದ್ದರು.

"ಏನಂತದ ಪರದಾ?" ಎಂದು ಒಳಗಿನಿಂದ ಅತ್ತೆ ಕೇಳಿದರು.

"ಇನ್ನಾ ಹಸೀನೇ ಅದ ನೋಡು," ಎಂದರು ಮಾವ.