ಪುಕ್ಕಟೆ ವಕೀಲಮ್ಮ
ನಮ್ಮ ನಂಜನ ಹೊಟ್ಟೆಕಿಚ್ಚೆಲ್ಲ ಹೆಂಡತಿ ಮಾಸಿಗೆ ಸಿಕ್ಕ ಪುಕ್ಕಟೆ ವಕೀಲಮ್ಮನ ಮೇಲೆ. ಮಾಸಿ ಜೀವನಾಂಶ ಕೇಳಿ ಊಟಿ ಕೋರ್ಟಿಗೆ ಹೋದಾಗ, ಹೆಂಗಸೆಂಬ ಕಾರಣಕ್ಕೇ ಆದಾಯ ಕೇಳದೆ ಕಾನೂನು ನೆರವು ಕೊಟ್ಟರು. “ನಂಗೂ ಒಬ್ರನ್ನ ಕೊಡಿ ಸಾರ್” ಎಂದು ಇವನೂ ಹೋದ. ಗಂಡಸರಿಗಾದರೆ ಆದಾಯ ಪತ್ರ ಬೇಕಂತೆ. ವಿಚಾರಿಸಲು ಬಂದ ಗ್ರಾಮಾಧಿಕಾರಿಯ ಮುಂದೆ ‘ನಾನು ಬಡವ’ ಎನ್ನಲು ಇವನಿಗೆ ನಾಲಿಗೆ ಏಳಲಿಲ್ಲ. ಅರ್ಧ ಎಕರೆ ತೋಟವನ್ನು ಮೂರೆಕರೆ ಮಾಡಿ, ಟೀ ಫ್ಯಾಕ್ಟರಿಯೇ ತನ್ನ ಎಲೆಗೆ ಕಾದು ನಿಂತಿರುತ್ತದೆಂದು ಕೊಚ್ಚಿಕೊಂಡು ನೆರವಿಗೆ ಎರವಾದ. ಅಂದಿನಿಂದ ಪ್ರತಿ ವಾಯಿದೆಗೂ ಕೋರ್ಟಿನೆದುರಿನ ನನ್ನ ಚಹಾದಂಗಡಿಯಲ್ಲಿ ಕೂತು ಅದೇ ಗೊಣಗು: “ಓಸಿ ವಕೀಲಮ್ಮ ಅಂದ್ರೆ ಕಾಟಾಚಾರಕ್ಕೆ ಬಂದು ಹೋಗ್ಬೇಕಲ್ಲಣ್ಣಾ? ಇವಳ ಫೈಲು ನೋಡು, ದಿಂಬಿನ ಹಾಗಿದೆ!” ಮೊನ್ನೆ ಕೋರ್ಟಿನ ಜಗಲಿಯಲ್ಲಿ ಮಾಸಿ ಕೈಯಾಡಿಸುತ್ತ ಹೇಳುತ್ತಿದ್ದಳು, ವಕೀಲಮ್ಮ ಬರೆದುಕೊಳ್ಳುತ್ತಿದ್ದಳು. ನೋಡುತ್ತಲೇ ಇವನ ಚಹಾ ಆರಿಹೋಯಿತು. “ನಮ್ಮ ಜಗಳಕ್ಕೆ ಊರ ಕೂಟ ಸೇರಿದ ಮೂರು ಸಲವೂ ಮಾಸಿ ಪರವಾಗಿ ಅವಳ ಅಣ್ಣನೇ ಮಾತಾಡಿದ. ಮನೇಲಿ ಹನ್ನೊಂದು ವರ್ಷ ನಾನೇ ಮಾತಾಡಿದೆ. ಇವಳ ಹತ್ರ ಇಷ್ಟು ಮಾತಿದೆ ಅಂತ ಆ ವಕೀಲಮ್ಮನಿಗೆ ಹೇಗಣ್ಣಾ ಗೊತ್ತಾಯ್ತು?”